ಎಡಿನ್‌ಬರಾದ ಕನ್ನಡಿಗರೇ, ದಡದಲ್ಲೇ ನಿಲ್ಲಬೇಡಿ, ಹುಟ್ಟು ಹಾಕಲು ಬನ್ನಿ

ಪೋರ್ಟೊಬೆಲ್ಲೊ ಬೀಚಿಗೆ ಹೋದವರು ಉದ್ದನೆಯ ಮರದ ದೋಣಿಗಳನ್ನು ನೋಡಿರುತ್ತೀರಿ. ನಾಲ್ವರು ಹುಟ್ಟು ಹಾಕುತ್ತಾರೆ, ಒಬ್ಬರು ಚುಕ್ಕಾಣಿ ಹಿಡಿದಿರುತ್ತಾರೆ. ಯಾರೋ ಕ್ರೀಡಾಪಟುಗಳು ಇರಬೇಕು ಅಂದುಕೊಂಡು ನಾನು ಎರಡು ವರ್ಷ ದೂರದಿಂದಲೇ ನೋಡಿದೆ. ಆಮೇಲೆ ಗೊತ್ತಾಯಿತು, ಅವರೆಲ್ಲ ನಮ್ಮ ಹಾಗೇ ಕೆಲಸ ಮುಗಿಸಿ ಬರುವವರು. ಟೀಚರುಗಳು, ನರ್ಸುಗಳು, ರಿಟೈರ್ ಆದವರು. ಆ ಎರಡು ವರ್ಷ ನಿಮಗೆ ವ್ಯರ್ಥವಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಬಗೆಯ ದೋಣಿಯ ಹೆಸರು ಸೇಂಟ್ ಏಲ್ಸ್ ಸ್ಕಿಫ್. ಉದ್ದ 22 ಅಡಿ. ಫೈಫ್‌ನ ಆನ್‌ಸ್ಟ್ರದರ್‌ನಲ್ಲಿರುವ ಸ್ಕಾಟಿಷ್ ಫಿಶರೀಸ್ ಮ್ಯೂಸಿಯಂ ಇದನ್ನು ಮಾಡಿಸಿತು. ಮೊದಲ ದೋಣಿ ನೀರಿಗಿಳಿದದ್ದು 2009ರಲ್ಲಿ. ಕತ್ತರಿಸಿದ ಪ್ಲೈವುಡ್ ತುಂಡುಗಳು ಕಿಟ್ ಆಗಿ ಬರುತ್ತವೆ, ಊರವರೇ ಸೇರಿ ಜೋಡಿಸುತ್ತಾರೆ. ಈಗ ನ್ಯೂಹೇವನ್, ಕ್ವೀನ್ಸ್‌ಫೆರಿ, ನಾರ್ತ್ ಬೆರಿಕ್, ಹೀಗೆ ಫೋರ್ತ್ ಕೊಲ್ಲಿಯ ದಡದುದ್ದಕ್ಕೂ ಕ್ಲಬ್‌ಗಳಿವೆ. ನಿಮ್ಮ ಮನೆಗೆ ಹತ್ತಿರದ್ದಕ್ಕೆ ಒಂದು ಇಮೇಲ್ ಹಾಕಿ, ಹೊಸಬರನ್ನು ಯಾವ ದಿನ ಕರೆದೊಯ್ಯುತ್ತಾರೆ ಅಂತ ಕೇಳಿ. ಈಜು ಬರದಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ. ನಾಚಿಕೆಪಡುವ ವಿಷಯ ಅಲ್ಲ, ಆದರೆ ಮುಚ್ಚಿಡುವ ವಿಷಯವೂ ಅಲ್ಲ.

ಮೊದಲ ದಿನ ಎಲ್ಲರೂ ಮಾಡುವ ತಪ್ಪು ಒಂದೇ: ತೋಳಿನ ಬಲದಿಂದ ಎಳೆಯುವುದು. ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ. ಪಾದವನ್ನು ಮುಂದಿನ ಅಡ್ಡಪಟ್ಟಿಗೆ ಒತ್ತಿ. ಸೊಂಟದಿಂದ ಮುಂದಕ್ಕೆ ಬಾಗಿ, ತೋಳು ನೇರ ಇರಲಿ. ಹುಟ್ಟು ನೀರಿಗಿಳಿದ ಮೇಲೆ ಕಾಲಿನಿಂದ ತಳ್ಳಿ, ಬೆನ್ನು ಹಿಂದೆ ಬರಲಿ, ಕೊನೆಗೆ ಮಾತ್ರ ತೋಳು ಮಡಿಸಿ. ಹಿಡಿತ ಸಡಿಲವಾಗಿದ್ದರೆ ಬೊಬ್ಬೆ ಏಳುವುದೂ ಕಡಿಮೆ. ಉಂಗುರ, ಬಳೆ ಮನೆಯಲ್ಲೇ ಬಿಟ್ಟು ಬನ್ನಿ.

ಇದಕ್ಕಿಂತ ಮುಖ್ಯವಾದದ್ದು ಕಣ್ಣು. ಹುಟ್ಟು ಹಾಕುವವರು ಕೂರುವುದು ದೋಣಿ ಸಾಗುವ ದಿಕ್ಕಿಗೆ ಬೆನ್ನು ಹಾಕಿ. ಎದುರಿಗೆ ಕಾಣುವುದು ಇನ್ನೊಬ್ಬರ ಬೆನ್ನು. ಅದನ್ನೇ ನೋಡಿ. ಅದು ಬಾಗಿದಾಗ ನೀವೂ ಬಾಗಿ, ಏಳುವಾಗ ಏಳಿ. ನನ್ನ ಮೂರನೇ ಸಲ, ಅಲೆ ಜಾಸ್ತಿ ಇದ್ದ ಸಂಜೆ, ನಾನು ಸುಮ್ನೆ ನನ್ನ ಹುಟ್ಟಿನ ಕಡೆಗೇ ನೋಡುತ್ತಿದ್ದೆ. ಹುಟ್ಟಿನ ಅಲಗು ನೀರಲ್ಲಿ ಸಿಕ್ಕಿಕೊಂಡಿತು, ಅದರ ಹಿಡಿ ಬಂದು ಎದೆಗೆ ಬಡಿಯಿತು. ಇಲ್ಲಿಯವರು ಇದಕ್ಕೆ ಏಡಿ ಹಿಡಿಯುವುದು ಅನ್ನುತ್ತಾರೆ. ಎಲ್ಲರೂ ನಿಲ್ಲಿಸಿದರು, ನಾನು ಹುಟ್ಟು ಬಿಡಿಸಿಕೊಂಡೆ, ಮತ್ತೆ ಹೊರಟೆವು. ಯಾರೂ ಬೈಯಲಿಲ್ಲ.

ಚುಕ್ಕಾಣಿಯವರ ಮಾತಿಗೆ ಎದುರಾಡಬೇಡಿ. ಮುಂದೆ ಏನಿದೆ ಅಂತ ಸರಿಯಾಗಿ ಕಾಣುವುದು ಅವರಿಗೆ ಮಾತ್ರ. "ಈಸಿ" ಅಂದರೆ ಎಳೆಯುವುದು ನಿಲ್ಲಿಸಬೇಕು. "ಹೋಲ್ಡ್ ವಾಟರ್" ಅಂದರೆ ಅಲಗನ್ನು ನೀರಲ್ಲೇ ಬಿಗಿಹಿಡಿದು ದೋಣಿ ತಡೆಯಬೇಕು. ಅರ್ಥವಾಗದಿದ್ದರೆ ದಡದಲ್ಲೇ ಕೇಳಿಕೊಳ್ಳಿ.

ಇಲ್ಲಿಯ ನೀರನ್ನು ನಮ್ಮ ಮಲ್ಪೆಯ, ಕಾರವಾರದ ನೀರಿನ ಹಾಗೆ ಅಂದುಕೊಳ್ಳಬೇಡಿ. ಬೇಸಿಗೆಯಲ್ಲೂ ತಣ್ಣಗೆ. ಬಿದ್ದರೆ ಮೊದಲು ಉಸಿರೇ ಕಟ್ಟಿದಂತಾಗುತ್ತದೆ. ಆಗ ಕೈಕಾಲು ಬಡಿಯದೆ, ಬೆನ್ನ ಮೇಲೆ ತೇಲಿ, ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಲೇಬೇಡಿ. ಹತ್ತಿ ಬಟ್ಟೆ, ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಅಥವಾ ಜಿಮ್ ಬಟ್ಟೆ, ಮೇಲೊಂದು ಗಾಳಿ ತಡೆಯುವ ಜಾಕೆಟ್ ಸಾಕು.

ಗಾಳಿಯ ಲೆಕ್ಕವನ್ನೂ ಕಲಿಯಿರಿ. ಪೋರ್ಟೊಬೆಲ್ಲೊದಲ್ಲಿ ನೈರುತ್ಯದ ಗಾಳಿ ಬೀಸಿದರೆ ದಡದ ಬಳಿ ನೀರು ಕನ್ನಡಿಯ ಹಾಗಿರುತ್ತದೆ. ಅದೇ ಗಾಳಿ ದೋಣಿಯನ್ನು ಹೊರಗೆ ತಳ್ಳುತ್ತದೆ, ವಾಪಸು ಬರುವಾಗ ಕಷ್ಟ. ಬೇಸಿಗೆಯಲ್ಲಿ ಹಾರ್ ಅನ್ನುವ ಕಡಲ ಮಂಜು ಇದ್ದಕ್ಕಿದ್ದ ಹಾಗೆ ಕವಿಯುತ್ತದೆ. ಹೋಗುವುದು ಬೇಡ ಅಂತ ಕ್ಲಬ್‌ನವರು ಹೇಳಿದ ದಿನ ಬೇಸರಪಡಬೇಡಿ.

ಹುಟ್ಟು ಹಾಕಿ ಕೈತೊಳೆದುಕೊಂಡು ಹೊರಡುವ ಜಾಗ ಇದಲ್ಲ. ದೋಣಿ ದಡಕ್ಕೆ ಎಳೆಯುವಾಗ, ಚಳಿಗಾಲದಲ್ಲಿ ಅದನ್ನು ಉಜ್ಜಿ ಬಣ್ಣ ಹಚ್ಚುವಾಗ ಹೋಗಿ ನಿಂತುಕೊಳ್ಳಿ. ನನಗೆ ಇಲ್ಲಿ ನಿಜವಾದ ಸ್ನೇಹಿತರು ಸಿಕ್ಕಿದ್ದು ಉಪ್ಪುಕಾಗದ ಹಿಡಿದು ಕೂತ ಭಾನುವಾರಗಳಲ್ಲಿ.

ಶುರುಮಾಡಲು ಮೇ ತಿಂಗಳು ಒಳ್ಳೆಯದು. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಆಫೀಸು ಮುಗಿಸಿ ಆರಾಮಾಗಿ ಹೋಗಬಹುದು. ಒಣ ಬಟ್ಟೆ ಒಂದು ಜೊತೆ, ಫ್ಲಾಸ್ಕಿನಲ್ಲಿ ಬಿಸಿ ಚಹಾ ಮರೆಯಬೇಡಿ. ಚಹಾ ಸ್ವಲ್ಪ ಜಾಸ್ತಿಯೇ ಇರಲಿ, ಪಕ್ಕದವರಿಗೂ ಆಗುತ್ತದೆ.