ವಿಜೆಟಿಐಯೋ ಸಿಒಇಪಿಯೋ: ಎಂಜಿನಿಯರಿಂಗ್ ಪಟ್ಟಿ ಮಾಡಿದ ಬಗೆ

ಮುಂಬೈಯ ನಮ್ಮ ಕನ್ನಡಿಗರ ಮನೆಗಳಲ್ಲಿ ಎಂಜಿನಿಯರಿಂಗ್ ಮಾತು ಬಂತೆಂದರೆ ಮಾತುಂಗದ ವಿಜೆಟಿಐ ಮತ್ತು ಐಸಿಟಿ, ಪುಣೆಯ ಸಿಒಇಪಿ, ಈ ಮೂರು ಕಾಲೇಜುಗಳ ಹೆಸರು ಬಾರದೆ ಇರುವುದಿಲ್ಲ. ಯಾವುದು ಮೇಲು ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯುತ್ತದೆ. ಮಗುವಿಗೆ ಯಾವ ಸೀಟಿನ ಮೇಲೆ ಹಕ್ಕಿದೆ ಎಂದು ನೋಡುವುದು ಮಾತ್ರ ಫಾರ್ಮ್ ತುಂಬುವ ವಾರದಲ್ಲಿ. ನಾನು ಈ ಕ್ರಮವನ್ನು ತಿರುಗಿಸಿಕೊಂಡೆ: ಮೊದಲು ಕಾಗದಪತ್ರ, ಆಮೇಲೆ ಕಟ್‌ಆಫ್ (ಹಿಂದಿನ ವರ್ಷ ಕೊನೆಯ ಸೀಟು ಎಲ್ಲಿಗೆ ನಿಂತಿತು ಎಂಬ ಲೆಕ್ಕ), ಕಾಲೇಜಿನ ಗುಣಾವಗುಣ ಕೊನೆಗೆ.

ಕಾಗದದಲ್ಲಿ ನಮ್ಮವರು ಎಡವುವ ಜಾಗಗಳು ಬೇರೆಯವೇ. ಹತ್ತು, ಹನ್ನೆರಡು ಎರಡೂ ಮಹಾರಾಷ್ಟ್ರದಲ್ಲಿ ಪಾಸಾಗಿ, ಹುಟ್ಟಿದ್ದು ಇಲ್ಲೇ ಆಗಿದ್ದರೆ ಅಥವಾ ಡೊಮಿಸೈಲ್ (ರಾಜ್ಯದ ಖಾಯಂ ವಾಸದ ಪ್ರಮಾಣಪತ್ರ) ಇದ್ದರೆ ಮಗು ‘ಟೈಪ್ ಎ’, ಅಂದರೆ ರಾಜ್ಯದ ಸೀಟಿಗೆ ಅರ್ಹರ ಮೊದಲ ಗುಂಪು. ಪಿಯುಸಿಗೆಂದು ಮಂಗಳೂರಿಗೋ ಮೂಡುಬಿದಿರೆಗೋ ಕಳಿಸಿದರೆ ಆ ದಾರಿ ಮುಚ್ಚಿತು. ಆಗ ಮಗುವಿನ ಅಥವಾ ತಂದೆ-ತಾಯಿಯ ಡೊಮಿಸೈಲ್ ಮೇಲೆ ‘ಟೈಪ್ ಬಿ’ಯಲ್ಲಿ ಬರಬೇಕು. ಡೊಮಿಸೈಲ್‌ಗೆ 15 ವರ್ಷದ ವಾಸದ ಪುರಾವೆ ಬೇಕು. ಬಾಡಿಗೆ ಮನೆ ಬದಲಿಸುತ್ತ ಬಂದವರಿಗೆ ಇದನ್ನು ಜೋಡಿಸಲು ವಾರಗಳು ಹಿಡಿಯುತ್ತವೆ, ಆದ್ದರಿಂದ ಹನ್ನೊಂದನೇ ತರಗತಿಯಲ್ಲೇ ಮಾಡಿಸಿಡುವುದು ಒಳ್ಳೆಯದು. ಜೊತೆಗೆ ಇಲ್ಲಿನ ಪ್ರವೇಶ ಪರೀಕ್ಷೆ ಎಂಎಚ್‌ಟಿ-ಸಿಇಟಿ ನಡೆಯುವುದು ಮಹಾರಾಷ್ಟ್ರ ಬೋರ್ಡಿನ ಪಠ್ಯದ ಮೇಲೆ: 20 ಶೇಕಡಾ ಹನ್ನೊಂದನೆಯದು, 80 ಶೇಕಡಾ ಹನ್ನೆರಡನೆಯದು. ಕರ್ನಾಟಕದ ಪಿಯು ಪುಸ್ತಕವನ್ನಷ್ಟೇ ನಂಬಿ ಕೂರುವಂತಿಲ್ಲ.

ಹೆಸರಿನದ್ದು ಇನ್ನೊಂದು ತಲೆನೋವು. ಇಲ್ಲಿನ ಬೋರ್ಡ್ ಅಡ್ಡಹೆಸರು, ಹೆಸರು, ತಂದೆಯ ಹೆಸರು ಎಂದು ಮೂರು ತುಂಡಾಗಿ ಬರೆಯುತ್ತದೆ. ನಮ್ಮಲ್ಲಿ ಇನಿಷಿಯಲ್ ರೂಢಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ಡೊಮಿಸೈಲ್‌ನಲ್ಲಿ ಮತ್ತೊಂದು ಇದ್ದರೆ ದಾಖಲೆ ಪರಿಶೀಲನೆಯಲ್ಲಿ ಅರ್ಜಿ ವಾಪಸ್ ಬರುತ್ತದೆ. ಮೀಸಲಾತಿಯಲ್ಲೂ ಊರಿನ ಪ್ರಮಾಣಪತ್ರ ನಡೆಯದು. ಒಬಿಸಿ ಎನ್ನಲು ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿರಬೇಕು, 1967ರ ಅಕ್ಟೋಬರ್ 13ಕ್ಕೆ ಮೊದಲೇ ಕುಟುಂಬ ಇಲ್ಲಿ ನೆಲೆಸಿತ್ತೆಂದು ತೋರಿಸಬೇಕು, ಮೇಲೆ ಜಾತಿ ಪ್ರಮಾಣಪತ್ರವನ್ನು ಪರಿಶೀಲಿಸಿ ಕೊಡುವ ವ್ಯಾಲಿಡಿಟಿಯೂ ಆದಾಯ ಮಿತಿಯೊಳಗಿದೆ ಎನ್ನುವ ನಾನ್-ಕ್ರೀಮಿ ಲೇಯರ್ ಪತ್ರವೂ ಬೇಕು. ಅಜ್ಜನ ಶಾಲೆಯ ದಾಖಲೆ ಸಿಕ್ಕೀತು ಎಂಬ ಆಸೆಯ ಮೇಲೆ ಕಾಲೇಜು ಪಟ್ಟಿ ಕಟ್ಟಬೇಡಿ. ಕೈಯಲ್ಲಿ ಇಲ್ಲದಿದ್ದರೆ ಓಪನ್ (ಮೀಸಲಾತಿ ಇಲ್ಲದ ವರ್ಗ) ಎಂದೇ ಲೆಕ್ಕ ಹಾಕಿ. ಅಂದಹಾಗೆ, ಗಡಿಭಾಗದವರಿಗೆಂದು ಇರುವ ‘ಟೈಪ್ ಇ’ ಮರಾಠಿ ಮಾತೃಭಾಷೆಯವರಿಗೆ ಮಾತ್ರ. ಬೆಳಗಾವಿ ಕಡೆಯ ನೆಂಟರ ಮಾತು ಕೇಳಿ ಅದನ್ನು ಆರಿಸಬೇಡಿ.

ಇನ್ನು ಪ್ರವೇಶ ನಡೆಸುವ ಸಿಇಟಿ ಸೆಲ್‌ನ ಕಟ್‌ಆಫ್ ಪಿಡಿಎಫ್. ಅದರ ಸಾಲುಗಳಲ್ಲಿ ‘ಜಿಓಪನ್‌ಎಸ್’, ‘ಎಲ್‌ಓಪನ್‌ಎಚ್’ ಎಂಬ ಗೂಢಾಕ್ಷರಗಳು. ಬಿಡಿಸಿಕೊಂಡರೆ ಸುಲಭ: ಮೊದಲ ಅಕ್ಷರ ಜಿ ಅಂದರೆ ಸಾಮಾನ್ಯ, ಎಲ್ ಅಂದರೆ ಹುಡುಗಿಯರ ಸೀಟು. ನಡುವೆ ವರ್ಗ. ಕೊನೆಯ ಅಕ್ಷರದಲ್ಲೇ ಎಲ್ಲ ಇದೆ: ಎಸ್ ಎಂದರೆ ಇಡೀ ರಾಜ್ಯಕ್ಕೆ, ಎಚ್ ಎಂದರೆ ಹೋಮ್ ಯೂನಿವರ್ಸಿಟಿಯವರಿಗೆ (ಕಾಲೇಜು ಇರುವ ವಿಶ್ವವಿದ್ಯಾಲಯದ ಪ್ರದೇಶದ ಮಕ್ಕಳಿಗೆ), ಒ ಎಂದರೆ ಹೊರಗಿನ ವಿಶ್ವವಿದ್ಯಾಲಯದ ಪ್ರದೇಶದವರಿಗೆ. ವಿಜೆಟಿಐ, ಸಿಒಇಪಿಗಳಲ್ಲಿ ನೋಡಬೇಕಾದದ್ದು ‘ಎಸ್’. ಮುಂಬೈ ವಿಶ್ವವಿದ್ಯಾಲಯದ ಪ್ರದೇಶದ ಡೊಂಬಿವಲಿಯ ಮಗು ಪುಣೆಯ ಖಾಸಗಿ ಕಾಲೇಜಿಗೆ ‘ಎಚ್’ ಸಾಲು ನೋಡಿ ಖುಷಿಪಟ್ಟರೆ ಮೋಸ. ಅದಕ್ಕೆ ಅನ್ವಯಿಸುವುದು ‘ಒ’. ಪಾರ್ಲೆಯ ಡಿ.ಜೆ. ಸಂಘ್ವಿಯಂಥ ಗುಜರಾತಿ ಭಾಷಾ ಅಲ್ಪಸಂಖ್ಯಾತ ಕಾಲೇಜಿನಲ್ಲಿ ಸೀಟುಗಳ ದೊಡ್ಡ ಪಾಲು ಆ ಅಲ್ಪಸಂಖ್ಯಾತರ ‘ಎಂಐ’ ಸಾಲಿಗೆ ಹೋಗುತ್ತದೆ. ನಮಗೆ ಉಳಿಯುವುದು ಕೆಲವೇ ಸೀಟು. ಸೀಟು ಕಡಿಮೆ ಇದ್ದಲ್ಲಿ ಕಟ್‌ಆಫ್ ವರ್ಷದಿಂದ ವರ್ಷಕ್ಕೆ ಕುಣಿಯುತ್ತದೆ. ಅದಕ್ಕೇ ಒಂದು ವರ್ಷದ್ದು ಸಾಲದು, ಮೂರು ವರ್ಷದ್ದು ಪಕ್ಕಪಕ್ಕ ಇಟ್ಟೆ. ಪರ್ಸೆಂಟೈಲ್‌ಗಿಂತ (ನೂರಕ್ಕೆ ಎಷ್ಟು ಮಂದಿಯನ್ನು ಹಿಂದಿಕ್ಕಿದೆ ಎಂಬ ಲೆಕ್ಕ) ಅದರ ಜೊತೆಗಿರುವ ಮೆರಿಟ್ ನಂಬರನ್ನು, ಅಂದರೆ ಪಟ್ಟಿಯಲ್ಲಿನ ಸ್ಥಾನವನ್ನು ನೋಡಿದೆ. ಪರೀಕ್ಷೆ ಬರೆಯುವವರ ಸಂಖ್ಯೆ ಏರಿದರೆ ಅದೇ ಪರ್ಸೆಂಟೈಲ್‌ಗಿಂತ ಮುಂದೆ ನಿಲ್ಲುವವರೂ ಹೆಚ್ಚುತ್ತಾರೆ, ಸೀಟು ಹಾಗೆ ಹೆಚ್ಚುವುದಿಲ್ಲ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಟಿಎಫ್‌ಡಬ್ಲ್ಯುಎಸ್ ಎಂಬ ಸೀಟಿಗೆ ಪ್ರತ್ಯೇಕ ಚಾಯ್ಸ್ ಕೋಡ್ (ಫಾರ್ಮಿನಲ್ಲಿ ಆ ಆಯ್ಕೆಯ ಸಂಖ್ಯೆ) ಇದೆ, ಕೊನೆಯಲ್ಲಿ ‘ಟಿ’ ಇರುತ್ತದೆ. ಟ್ಯೂಷನ್ ಫೀ ಮಾಫಿ. ಆದರೆ ಆ ಸೀಟಿನಿಂದ ಮುಂದೆ ಶಾಖೆಯನ್ನಾಗಲಿ ಕಾಲೇಜನ್ನಾಗಲಿ ಬದಲಿಸಲು ಬರುವುದಿಲ್ಲ.

ಫಾರ್ಮಿನಲ್ಲಿ ಬರೆಯುವ ಆಯ್ಕೆಗಳ ಪಟ್ಟಿಯ ಕ್ರಮದಲ್ಲಿ ಜಾಣತನ ತೋರಿಸಲು ಹೋಗುವವರೇ ಕೆಡುತ್ತಾರೆ. ಹಂಚಿಕೆ ಮೆರಿಟ್ ಮೇಲೆ; ಎಟುಕದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ. ಆದರೆ 2025ರ ಪ್ರವೇಶದ ನಿಯಮ ಗಮನಿಸಿ: ನಾಲ್ಕು ಸುತ್ತು, ಮೊದಲ ಸುತ್ತಿನಲ್ಲಿ ಪಟ್ಟಿಯ ಮೊದಲನೆಯದು, ಎರಡನೆಯದರಲ್ಲಿ ಮೊದಲ ಮೂರರಲ್ಲಿ ಒಂದು, ಮೂರನೆಯದರಲ್ಲಿ ಮೊದಲ ಆರರಲ್ಲಿ ಒಂದು ಸಿಕ್ಕರೆ ಸೀಟು ತಾನಾಗಿ ಫ್ರೀಜ್, ಅಂದರೆ ಮುಂದಿನ ಸುತ್ತಿಗೆ ಹೋಗುವಂತಿಲ್ಲ. ಆದ್ದರಿಂದ ಮೇಲಿನ ಆರು ಸಾಲುಗಳಲ್ಲಿ ‘ಸುಮ್ಮನೆ ಇರಲಿ’ ಎಂದು ಏನನ್ನೂ ತುಂಬಬಾರದು. ಸಿಒಇಪಿಯ ಸಿವಿಲ್‌ಗಿಂತ ಮುಂಬೈಯ ಖಾಸಗಿ ಕಾಲೇಜಿನ ಕಂಪ್ಯೂಟರ್ ಬೇಕೇ ಎಂಬುದನ್ನು ಮಗು ಫಾರ್ಮ್ ತೆರೆಯುವ ಮುಂಚೆಯೇ ಹೇಳಿರಬೇಕು. ಎರಡನೇ ಸುತ್ತಿನ ರಾತ್ರಿ ಆ ಪ್ರಶ್ನೆಗೆ ಸಮಯವಿಲ್ಲ. ಹೊಸ ಸುತ್ತಿನಲ್ಲಿ ಮೇಲಿನ ಆಯ್ಕೆ ಬಂದರೆ ಹಳೆಯ ಸೀಟು ಹೋಯಿತೆಂದೇ ಅರ್ಥ.

ಕಾಲೇಜುಗಳನ್ನು ಪರಸ್ಪರ ತೂಗಲು ಬ್ರೋಷರ್ ಬೇಡ. ಕೇಂದ್ರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ದತ್ತಾಂಶವನ್ನು ಸಂಸ್ಥೆಯ ಜಾಲತಾಣದಲ್ಲೇ ಇಟ್ಟಿರುತ್ತಾರೆ. ಅದರಲ್ಲಿ ಎಷ್ಟು ಮಂದಿ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಮಂದಿಗೆ ಕೆಲಸ, ಮಧ್ಯಾಂಕ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬುದು ಇರುತ್ತದೆ. ಬ್ರೋಷರ್‌ನಲ್ಲಿ ಮಿನುಗುವ ಅತಿ ಹೆಚ್ಚು ಪ್ಯಾಕೇಜ್ ಒಬ್ಬನದ್ದು. ಮಧ್ಯಾಂಕ ನಡುವೆ ನಿಂತವನದ್ದು. ಪದವಿ ಯಾರ ಹೆಸರಿನಲ್ಲಿ ಬರುತ್ತದೆ ಎಂದೂ ನೋಡಿದೆ: ಸಿಒಇಪಿ 2022ರಿಂದ ತಾನೇ ವಿಶ್ವವಿದ್ಯಾಲಯ, ಐಸಿಟಿ 2008ರಿಂದ ಡೀಮ್ಡ್ (ವಿಶ್ವವಿದ್ಯಾಲಯದ ದರ್ಜೆ ಪಡೆದದ್ದು), ವಿಜೆಟಿಐ ಸ್ವಾಯತ್ತವಾದರೂ ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಖಾಸಗಿ ಕಾಲೇಜಿನ ಶುಲ್ಕ ನಿಗದಿ ಮಾಡುವುದು ಶುಲ್ಕ ನಿಯಂತ್ರಣ ಪ್ರಾಧಿಕಾರ, ಮೊತ್ತ ಅದರ ತಾಣದಲ್ಲಿದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಮೇಲೆ ಅದರ ಹಿಡಿತವಿಲ್ಲ.

ಕೊನೆಗೆ ಉಳಿದ ಎರಡು-ಮೂರು ಕಾಲೇಜಿಗೆ ಕೆಲಸದ ದಿನ ಬೆಳಗ್ಗೆ, ಬೆನ್ನಿಗೆ ಚೀಲ ಹಾಕಿ, ಮಗುವನ್ನೇ ಲೋಕಲ್‌ನಲ್ಲಿ ಕಳಿಸಬೇಕು. ಡೊಂಬಿವಲಿಯಿಂದ ಮಾತುಂಗವೆಂದರೆ ದಾದರ್ ತನಕ ಒಂದೇ ಗಾಡಿ. ಪಾರ್ಲೆಯಾದರೆ ದಾದರ್‌ನಲ್ಲಿ ಸೇತುವೆ ಹತ್ತಿ ವೆಸ್ಟರ್ನ್ ಲೈನ್ ಹಿಡಿಯಬೇಕು, ಇಲ್ಲವೇ ಘಾಟ್‌ಕೋಪರ್‌ನಲ್ಲಿ ಇಳಿದು ಮೆಟ್ರೋದಲ್ಲಿ ಅಂಧೇರಿಗೆ ಹೋಗಬೇಕು. ನಕ್ಷೆಯಲ್ಲಿ ಎರಡಕ್ಕೂ ವ್ಯತ್ಯಾಸ ಅಷ್ಟೇನಿಲ್ಲ. ಹೋಗುವುದಕ್ಕಿಂತ ಸಂಜೆ ಆರಕ್ಕೆ ದಾದರ್‌ನಲ್ಲಿ ಕರ್ಜತ್ ಫಾಸ್ಟ್‌ಗೆ ಹತ್ತಿ ಬರುವುದನ್ನು ನೋಡಿ. ಪ್ರಾಕ್ಟಿಕಲ್ ಇರುವ ದಿನ ಮಗು ಬರುವುದು ಅದೇ ಗಾಡಿಯಲ್ಲಿ.