ಯೀಸ್ಟ್ ಸೋಂಕು ಮರುಕಳಿಸುತ್ತಿದ್ದರೆ: ಚೀನೀ ಪದ್ಧತಿಯ ಫೂಲಿಂಗ್ ಅಣಬೆ ಕಷಾಯ ಮಾಡುವುದು ಹೇಗೆ

ಬಿಳಿ ಸೆರಗಿಗೆ ಚೀನೀ ವೈದ್ಯರು ಅಣಬೆ ಕೊಡುವುದು ಯೀಸ್ಟನ್ನು ಸಾಯಿಸಲಿಕ್ಕಲ್ಲ, ಮೈಯಲ್ಲಿ ನಿಂತ ಒದ್ದೆಯನ್ನು ಹೊರಗೆ ಹಾಕಲಿಕ್ಕೆ. ಇದು ತಿಳಿಯದೆ ಅಣಬೆ ಮಾತ್ರೆ ತಂದು ನುಂಗಿದವರಿಗೆ ತುರಿಕೆ ಹಾಗೇ ಉಳಿಯುತ್ತದೆ, ದುಡ್ಡು ಹೋಗುತ್ತದೆ.

ಹಳೆಯ ಚೀನೀ ಗ್ರಂಥಗಳಲ್ಲಿ ಈ ಯೀಸ್ಟಿನ ಹೆಸರಾದ ಕ್ಯಾಂಡಿಡಾ ಎಂಬುದೇ ಇಲ್ಲ. ಅಲ್ಲಿರುವುದು ‘ದಾಯ್‌ಶ್ಯಾ’, ಅಂದರೆ ಸೆರಗು, ಮತ್ತು ಅದರ ಹಿಂದಿನ ‘ಶೀ’, ಅಂದರೆ ತೇವ. ‘ಪೀ’ ಎಂದು ಅವರು ಕರೆಯುವ ಶಕ್ತಿ ಸೋತಾಗ ಉಂಡದ್ದು ಸರಿಯಾಗಿ ಪಚನವಾಗದೆ ತೇವವಾಗಿ ಕೆಳಗಿಳಿಯುತ್ತದೆ ಎಂಬುದು ಅವರ ಲೆಕ್ಕ. ಪೀ ಎಂದರೆ ಗುಲ್ಮ. ಆದರೆ ಅದಕ್ಕೆ ಅವರು ಹಚ್ಚಿದ ಕೆಲಸ ನಮ್ಮಲ್ಲಿ ಅಗ್ನಿ ಎನ್ನುವುದಕ್ಕೆ ಹತ್ತಿರ. ಸೆರಗು ತೆಳ್ಳಗೆ, ಬೆಳ್ಳಗೆ, ಹೆಚ್ಚಾಗಿ ಹೋಗುವುದು, ಊಟವಾದ ಮೇಲೆ ಹೊಟ್ಟೆ ಉಬ್ಬರ, ಸುಸ್ತು, ನಾಲಿಗೆ ಬಿಳಿಚಿಕೊಂಡು ಅಂಚಿನಲ್ಲಿ ಹಲ್ಲಿನ ಗುರುತು ಮೂಡುವುದು: ಈ ಲಕ್ಷಣ ಇದ್ದವರಿಗೆ ಮುಂದೆ ಹೇಳುವ ಕಷಾಯ. ಸೆರಗು ಹಳದಿಯಾಗಿ, ಉರಿಯಿದ್ದು, ನಾಲಿಗೆಯ ಮೇಲೆ ಹಳದಿ ಅಂಟು ಪದರ ಇದ್ದರೆ ಅದನ್ನು ಅವರು ‘ತೇವ-ಉಷ್ಣ’ ಎನ್ನುತ್ತಾರೆ. ಅದಕ್ಕೆ ಬೇರೆ ಮೂಲಿಕೆ ಬೇಕು, ಇದು ಹೊಂದುವುದಿಲ್ಲ.

ಕಷಾಯಕ್ಕೆ ಮೊದಲು ಪರೀಕ್ಷೆ. ತುರಿಕೆಯ ಜೊತೆ ಒಡೆದ ಹಾಲಿನಂಥ ಗಟ್ಟಿ ಸೆರಗು ಹೋದರೆ ಯೀಸ್ಟ್ ಇರಬಹುದು. ಮೀನಿನ ವಾಸನೆ ಬಂದು ಯೋನಿಯ ಪಿಎಚ್ (ಹುಳಿಯ ಅಳತೆ) 4.5 ದಾಟಿದರೆ ಬ್ಯಾಕ್ಟೀರಿಯಾದ ತೊಂದರೆಯ ಅನುಮಾನ ಬರಬೇಕು. ಸ್ತ್ರೀರೋಗ ತಜ್ಞರ ಬಳಿ ಸ್ವಾಬ್, ಅಂದರೆ ಹತ್ತಿ ಕಡ್ಡಿಯಲ್ಲಿ ಸೆರಗಿನ ಮಾದರಿ, ತೆಗೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿಸಿ. ಪದೇಪದೇ ಬರುತ್ತಿದ್ದರೆ ಕಲ್ಚರ್ ಮಾಡಿಸಿ (ಮಾದರಿಯನ್ನು ಲ್ಯಾಬಿನಲ್ಲಿ ಬೆಳೆಸಿ ಜಾತಿ ಗುರುತಿಸುವುದು), ಏಕೆಂದರೆ ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಜಾತಿ ಯೀಸ್ಟಿನ ಮಾಮೂಲಿ ಮಾತ್ರೆಯಾದ ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ವರ್ಷಕ್ಕೆ ಮೂರು ಸಲ ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಆಂಟಿಬಯೋಟಿಕ್, ಸ್ಟೀರಾಯ್ಡ್, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಗ್ಲಿಫ್ಲೋಜಿನ್ ಮಾತ್ರೆಗಳು, ಇವು ಯೀಸ್ಟಿಗೆ ದಾರಿ ಮಾಡಿಕೊಡುತ್ತವೆ. ಆ ದಾರಿ ತೆರೆದೇ ಇದ್ದರೆ ಯಾವ ಕಷಾಯವೂ ನಿಲ್ಲಿಸಲಾರದು.

ಯೀಸ್ಟ್ ಖಚಿತವಾದರೆ ವೈದ್ಯರು ಬರೆದ ಫ್ಲುಕೊನಜೋಲ್ ಅಥವಾ ಕ್ಲೋಟ್ರಿಮಜೋಲನ್ನು ಪೂರ್ತಿ ಮುಗಿಸಿ. ಅಣಬೆಯೊಂದರಿಂದಲೇ ಯೋನಿಯ ಯೀಸ್ಟ್ ವಾಸಿಯಾಗುತ್ತದೆಂದು ತೋರಿಸುವ ಗಟ್ಟಿ ಮಾನವ ಪ್ರಯೋಗ ಇಲ್ಲ. ಅಣಬೆಯ ಗೋಡೆಯಲ್ಲಿರುವ ಬೀಟಾ-ಗ್ಲೂಕನ್ ಎಂಬ ಸಕ್ಕರೆ ಸರಪಳಿಯನ್ನು ನಮ್ಮ ರಕ್ಷಣಾ ಕೋಶಗಳು ಡೆಕ್ಟಿನ್-1 ಎಂಬ ಗ್ರಾಹಕದಿಂದ ಗುರುತಿಸುತ್ತವೆ, ಕ್ಯಾಂಡಿಡಾದ ಗೋಡೆಯಲ್ಲಿರುವ ಗ್ಲೂಕನ್ನನ್ನೂ ಅದರಿಂದಲೇ ಗುರುತಿಸುತ್ತವೆ. ಇದು ನಿಜ. ಆದರೆ ಇದರಿಂದ ಚಿಕಿತ್ಸೆಯ ಭರವಸೆಗೆ ಹಾರುವುದು ತಪ್ಪು. ‘ಅಣಬೆ ತಿಂದರೆ ಯೀಸ್ಟ್ ಬೆಳೆಯುತ್ತದೆ’ ಎಂಬ ಹೆದರಿಕೆಗೂ ಆಧಾರವಿಲ್ಲ.

ಈಗ ಅಣಬೆಯ ವಿಚಾರ. ಮುಖ್ಯವಾದದ್ದು ಫೂಲಿಂಗ್. ಇದು ಪೈನ್ ಮರದ ಬೇರಿನಲ್ಲಿ ಮಣ್ಣಿನೊಳಗೆ ಕಟ್ಟುವ ಗಡ್ಡೆ. ಹೊರಗೆ ಕಂದು ಸಿಪ್ಪೆ, ಒಳಗೆ ಬಿಳಿ ತಿರುಳು. ಯುನ್ನಾನ್ ಪ್ರಾಂತ್ಯದ್ದಕ್ಕೆ ಹಿಂದಿನಿಂದಲೂ ಹೆಸರು. ಸಣ್ಣ ಚೌಕ ತುಂಡಾಗಿಯೋ ತೆಳು ಹಾಳೆಯಾಗಿಯೋ ಸಿಗುತ್ತದೆ. ಒಂದು ಚೂರನ್ನು ಹಲ್ಲಿನಲ್ಲಿ ಕಚ್ಚಿ ನೋಡಿ: ರುಚಿ ಸಪ್ಪೆ, ಆದರೆ ಅಗಿದಂತೆಲ್ಲ ಹಲ್ಲಿಗೆ ಅಂಟಬೇಕು. ಇನ್ನೊಂದು ಚೂರನ್ನು ಪುಡಿ ಮಾಡಿ ಅದರ ಮೇಲೆ ಒಂದು ಹನಿ ಅಯೋಡಿನ್ ಬಿಡಿ. ಅಸಲಿ ಫೂಲಿಂಗ್ ಕಡುಗೆಂಪಾಗುತ್ತದೆ. ಹಿಟ್ಟು ಬೆರೆಸಿದ್ದರೆ ಕಪ್ಪು-ನೀಲಿ. ಪರೀಕ್ಷೆ ಮಾಡಿದ ಪುಡಿಯನ್ನು ಎಸೆದುಬಿಡಿ. ಡಬ್ಬಿಯಲ್ಲಿ ಬರುವ ಅಣಬೆ ಪುಡಿಗಳಿಗೂ ಅಯೋಡಿನ್ ಉಪಯೋಗಕ್ಕೆ ಬರುತ್ತದೆ: ಅಕ್ಕಿ, ಓಟ್ಸ್ ಮೇಲೆ ಬೆಳೆಸಿ ಕಾಳಿನ ಸಮೇತ ಬೀಸಿದ್ದಾದರೆ ಕಪ್ಪಾಗುತ್ತದೆ. ಅಂಥದ್ದರಲ್ಲಿ ನೀವು ಕೊಂಡದ್ದು ಬಹುಪಾಲು ಪಿಷ್ಟ. ಫೂಲಿಂಗ್ ಸುಣ್ಣದಷ್ಟು ಬೆಳ್ಳಗಿದ್ದು ಮೂಗಿಗೆ ಹುಳಿ ಘಾಟು ಹೊಡೆದರೆ ಗಂಧಕದ ಹೊಗೆ ಹಾಕಿರುತ್ತಾರೆ, ಬೇಡ.

ಎರಡನೆಯದು ಝೂಲಿಂಗ್. ಹೊರಗೆ ಕಪ್ಪಾಗಿ ಸುಕ್ಕುಗಟ್ಟಿರುತ್ತದೆ, ಹಗುರ. ನೀರನ್ನು ಇಳಿಸುವುದರಲ್ಲಿ ಫೂಲಿಂಗಿಗಿಂತ ಜೋರು, ಆದರೆ ಪುಷ್ಟಿ ಕೊಡುವ ಗುಣ ಇದಕ್ಕಿಲ್ಲ. ಕಾಲು ಭಾರ, ಮೂತ್ರ ಕಡಿಮೆ ಎನ್ನುವವರಿಗೆ ಮಾತ್ರ 6ರಿಂದ 10 ಗ್ರಾಂ, ಅದೂ ಕೆಲವೇ ದಿನ. ಹೆಚ್ಚಾದರೆ ಬಾಯಿ ಒಣಗುತ್ತದೆ. ಮೂರನೆಯ ಲಿಂಗ್‌ಝಿ ತೇವಕ್ಕೆ ಕೊಡುವ ಅಣಬೆಯಲ್ಲ, ನಿದ್ದೆ ಕೆಟ್ಟು ಸುಸ್ತಾದವರಿಗೆ ಸೇರಿಸುವುದು. ನಮ್ಮ ಅಡಿಕೆ ತೋಟಗಳ ಅಣಬೆ ರೋಗಕ್ಕೆ ಕಾರಣವಾದ ಗ್ಯಾನೋಡರ್ಮಾ ಇದೇ ಕುಲದ್ದು. ಹಾಗೆಂದು ಮರದ ಬುಡದಿಂದ ಕಿತ್ತು ತರಬೇಡಿ: ಜಾತಿ ಗುರುತಿಸುವುದು ಕಷ್ಟ, ಆ ಬುಡಕ್ಕೆ ಶಿಲೀಂಧ್ರನಾಶಕ ಸುರಿದಿರುವ ಸಂಭವವೂ ಉಂಟು.

ಕಷಾಯಕ್ಕೆ ಬುನಾದಿ ‘ಸೀ ಜುನ್‌ಝಿ ತಾಂಗ್’, ಅಂದರೆ ನಾಲ್ವರು ಸಜ್ಜನರ ಕಷಾಯ. ದೊಡ್ಡವರಿಗೆ ಒಂದು ದಿನಕ್ಕೆ ಫೂಲಿಂಗ್ 15 ಗ್ರಾಂ, ಬಾಯ್‌ಝೂ ಬೇರು 10 ಗ್ರಾಂ, ದಾಂಗ್‌ಶೆನ್ ಬೇರು 10 ಗ್ರಾಂ, ಗಾನ್‌ಚಾವ್ ಅಂದರೆ ಜೇಷ್ಠಮಧು 3 ಗ್ರಾಂ. ಹೊಟ್ಟೆ ಉಬ್ಬರ ಇದ್ದರೆ ಒಣಗಿಸಿದ ಕಿತ್ತಳೆ ಜಾತಿಯ ಸಿಪ್ಪೆ, ಚೆನ್‌ಪೀ, 5 ಗ್ರಾಂ. ಚಮಚದ ಅಳತೆ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಪಟ್ಟಿಯನ್ನು ತರಬೇತಾದ ಚೀನೀ ಮೂಲಿಕೆ ವೈದ್ಯರಿಗೆ ಒಮ್ಮೆ ತೋರಿಸಿಯೇ ಶುರುಮಾಡಿ.

ಬಹಳ ಜನ ಎಡವುವುದು ಫೂಲಿಂಗ್ ತುಂಡಿನಲ್ಲಿ. ಅರ್ಧ ಗಂಟೆ ಕುದಿಸಿದ ಚೌಕ ತುಂಡನ್ನು ಮುರಿದು ನೋಡಿ, ನಡುವೆ ಒಣ ಸೀಮೆಸುಣ್ಣದಂಥ ತಿರುಳು ಕಾಣುತ್ತದೆ. ನೀರು ಅಲ್ಲಿಗೆ ಮುಟ್ಟೇ ಇಲ್ಲ. ಅದಕ್ಕೆ ಕುಟ್ಟಾಣಿಯಲ್ಲಿ ಬನ್ಸಿ ರವೆಯಷ್ಟು ತರಿಯಾಗಿ ಕುಟ್ಟಿ, ತೆಳು ಮಲ್ಲು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಗಂಜಿಯಂತಾಗಿ ತಳ ಹಿಡಿಯುತ್ತದೆ, ಸೋಸಲಿಕ್ಕೂ ಆಗುವುದಿಲ್ಲ.

ಚೆನ್‌ಪೀ ಬಿಟ್ಟು ಉಳಿದೆಲ್ಲವನ್ನೂ ಒಮ್ಮೆ ಬೇಗ ತೊಳೆದು, ಮಣ್ಣಿನ ಅಥವಾ ಸ್ಟೀಲ್ ಪಾತ್ರೆಗೆ ಹಾಕಿ, 700 ಮಿಲಿ ತಣ್ಣೀರಿನಲ್ಲಿ 40 ನಿಮಿಷ ನೆನೆಸಿ. ಕಬ್ಬಿಣ, ಅಲ್ಯೂಮಿನಿಯಂ ಬೇಡ. ನೆನೆದ ನೀರನ್ನು ಚೆಲ್ಲದೆ ಅದರಲ್ಲೇ ಕುದಿ ಬರಿಸಿ, ಉರಿ ಸಣ್ಣ ಮಾಡಿ 40 ನಿಮಿಷ ಬಿಡಿ. ಮುಚ್ಚಳ ಸ್ವಲ್ಪ ಓರೆಯಾಗಿರಲಿ, ನೊರೆ ಉಕ್ಕುತ್ತದೆ. ಚೆನ್‌ಪೀಯನ್ನು ಕೊನೆಯ 10 ನಿಮಿಷಕ್ಕೆ ಹಾಕಿ, ಇಲ್ಲದಿದ್ದರೆ ಪರಿಮಳವೆಲ್ಲ ಆವಿಯಾಗಿ ಹೋಗುತ್ತದೆ. ಸೋಸಿ, ಅದೇ ಗಷ್ಟಿಗೆ 500 ಮಿಲಿ ನೀರು ಹಾಕಿ ಮತ್ತೆ 25 ನಿಮಿಷ ಕುದಿಸಿ. ಎರಡೂ ಸೇರಿ ಹತ್ತಿರ ಹತ್ತಿರ 400 ಮಿಲಿ ಬರಬೇಕು. ಹೆಚ್ಚು ಉಳಿದಿದ್ದರೆ ಗಷ್ಟಿ ತೆಗೆದು ಇಂಗಿಸಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಊಟಕ್ಕೆ ಅರ್ಧ ಗಂಟೆ ಮೊದಲು ಬೆಚ್ಚಗೆ ಕುಡಿಯಿರಿ. ಸಂಜೆಯದನ್ನು ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿ. ಮಾರನೆಯ ದಿನಕ್ಕೆ ಇಡಬೇಡಿ. ಬಣ್ಣ ತಿಳಿ ಕಂದು, ರುಚಿ ಮಣ್ಣಿನಂತೆ ಸ್ವಲ್ಪ ಸಿಹಿ. ಲಿಂಗ್‌ಝಿ ಸೇರಿಸುವುದಾದರೆ 6 ಗ್ರಾಂ ಹೋಳನ್ನು ಬೇರೆ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಸಿ ಆ ನೀರನ್ನು ಬೆರೆಸಿ, ಅದು ಮರದಷ್ಟು ಗಟ್ಟಿ. ಕಹಿ ಬಂದಿದ್ದರೆ ಸರಿಯಾಗಿ ಇಳಿದಿದೆ ಎಂದರ್ಥ.

ಇಂಗ್ಲಿಷ್ ಮಾತ್ರೆಗೂ ಕಷಾಯಕ್ಕೂ ಎರಡು ಗಂಟೆ ಅಂತರವಿರಲಿ, ಕುಡಿಯುತ್ತಿರುವುದನ್ನು ವೈದ್ಯರಿಂದ ಮುಚ್ಚಿಡಬೇಡಿ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಕಿಡ್ನಿ ಕಸಿಯಾದವರು ಲಿಂಗ್‌ಝಿ ಮುಟ್ಟಬಾರದು. ಲಿಂಗ್‌ಝಿ ಪುಡಿಯಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಜೇಷ್ಠಮಧು ಬಿಪಿ ಏರಿಸುತ್ತದೆ, ಬಿಪಿ ಇದ್ದವರು ಅದನ್ನು ಬಿಟ್ಟೇ ಕುದಿಸಿ. ಬಸುರಿಯರು ಇದ್ಯಾವುದನ್ನೂ ಸ್ವಂತವಾಗಿ ಶುರುಮಾಡಬೇಡಿ. ಅವರಿಗೆ ವೈದ್ಯರು ಬರೆದ ಏಳು ದಿನದ ಕ್ರೀಮು ಅಥವಾ ಯೋನಿಯೊಳಗೆ ಇಡುವ ಮಾತ್ರೆಯೇ (ಪೆಸರಿ) ದಾರಿ. ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು, ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಅಣಬೆ ಪುಡಿಯನ್ನಾಗಲಿ ಕಷಾಯವನ್ನಾಗಲಿ ಒಳಗೆ ಹಾಕಿ ತೊಳೆಯುವುದು ಖಂಡಿತ ಬೇಡ.

ತೇವ-ಉಷ್ಣಕ್ಕೆಂದು ಸಿದ್ಧ ಗುಳಿಗೆ ಕೊಡುವವರಿದ್ದರೆ ‘ಗ್ವಾನ್ ಮೂತೋಂಗ್’ ಎಂಬ ಮೂಲಿಕೆಯ ಹೆಸರಿದೆಯೇ ಎಂದು ನೋಡಿ, ಇದ್ದರೆ ಬೇಡ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳುಮಾಡುತ್ತದೆ, ಚೀನಾವೇ 2003ರಲ್ಲಿ ಅದನ್ನು ಕೈಬಿಟ್ಟಿತು.

ಎರಡು ವಾರ ಕುಡಿದು ನಿಲ್ಲಿಸಿ. ಹೊಟ್ಟೆ ಹಗುರಾಗಿ ಸೆರಗು ಕಡಿಮೆಯಾಗಿದ್ದರೆ ಕಷಾಯ ಬಿಟ್ಟು ಸೂಪಿಗೆ ಬನ್ನಿ. ತುರಿಕೆ ಮರಳಿದ್ದರೆ ಮತ್ತೆ ಸ್ವಾಬ್. ಸೂಪಿಗೆ ಫೂಲಿಂಗ್ ತರಿ 15 ಗ್ರಾಂ, ತಾವರೆ ಬೀಜ 20, ಒಣಗಿದ ಶಾನ್‌ಯಾವ್ ಗೆಣಸು 20, ಚಿಯಾನ್‌ಶೀ 15 ಗ್ರಾಂ. ಈ ಚಿಯಾನ್‌ಶೀ ನಮ್ಮ ಮಖಾನಾ ಗಿಡದ ಬೀಜವೇ, ಅರಳಿಸದೆ ಒಣಗಿಸಿದ್ದು. ಅರಳಿದ ಮಖಾನಾ ಹಾಕಿದರೆ ಕರಗಿ ಮುದ್ದೆಯಾಗುತ್ತದೆ. ಬೀಜಗಳನ್ನು ಎರಡು ಗಂಟೆ ನೆನೆಸಿ, ತಾವರೆ ಬೀಜದೊಳಗಿನ ಹಸಿರು ಕುಡಿ ಕಹಿ ಇರುವುದರಿಂದ ಅದನ್ನು ತೆಗೆದುಹಾಕಿ, ಒಂದೂವರೆ ಲೀಟರ್ ನೀರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ. ಉಪ್ಪು ಮಾತ್ರ ಹಾಕಿ, ಸಕ್ಕರೆ ಬೇಡ. ವಾರಕ್ಕೆ ಎರಡು ಸಲ ಸಾಕು.