ಹಳೆ ಕಾರಿನ ಎಂಜಿನ್: ಬಿಚ್ಚಿ ಕಟ್ಟಿಸುವುದೋ, ಬೇರೆ ಕೂರಿಸುವುದೋ?

"ಸಾಹೇಬ್ರ, ಎಂಜಿನ್ ಮುಗದೈತ್ರಿ. ಡೀಸೆಲ್ ಎಂಜಿನ್ ಒಂದ್ ಐತಿ, ಕೂಡಿಸಿಬಿಡೋಣು."

ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಈ ಮಾತಿಗೆ ಹೂಂ ಎಂದು ಆಮೇಲೆ ಕೈಕೈ ಹಿಸುಕಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಗದಗಿನ ನನ್ನ ಸೋದರಮಾವ ಅವರಲ್ಲೊಬ್ಬರು. ಅವರ ಫಿಯಟ್ ನೀಲಿ ಹೊಗೆ ಬಿಡುತ್ತಿತ್ತು, ಅಷ್ಟೇ. ಹೊಗೆ ಎಲ್ಲಿಂದ ಬರುತ್ತಿದೆ ಎಂದು ಯಾರೂ ಅಳೆದು ನೋಡಲಿಲ್ಲ. ಮೂಲ ಎಂಜಿನ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಈಗ ಆರ್‌ಸಿಯಲ್ಲಿ ಒಂದು ನಂಬರ್, ಬಾನೆಟ್ ಕೆಳಗೆ ಇನ್ನೊಂದು. ಕಾರು ಶೆಡ್ಡಿನಿಂದ ಹೊರಬಂದಿಲ್ಲ.

ಪೆಟ್ರೋಲ್ ಅಂಬಾಸಿಡರ್, ಫಿಯಟ್, ಪದ್ಮಿನಿ ಇಟ್ಟುಕೊಂಡವರು ಗ್ಯಾರೇಜಿಗೆ ಹೋಗುವ ಮುನ್ನ ಇದನ್ನು ಓದಿ.

ಹೆಜ್ಜೆ 1: ಹೊಗೆ ನೋಡಿ. ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ (ವಾಲ್ವ್ ಆಡುವ ಕೊಳವೆ) ಸವೆದಿರಬೇಕು. ಅದು ಹೆಡ್ಡಿನ, ಅಂದರೆ ಎಂಜಿನ್ ಮೇಲಿನ ಮುಚ್ಚಳದ ಕೆಲಸ, ಎಂಜಿನ್ ಇಳಿಸಬೇಕಿಲ್ಲ. ನೃಪತುಂಗ ಬೆಟ್ಟದ ಏರಿನಲ್ಲಿ ಉದ್ದಕ್ಕೂ ಹೊಗೆ ಬಂದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಕಡೆ ಅನುಮಾನ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ತೆಳು ಹಾಳೆ) ನೋಡಿ. ಫಿಯಟ್ ಹೆಡ್ ಅಲ್ಯೂಮಿನಿಯಂನದು, ಒಮ್ಮೆ ಜೋರಾಗಿ ಕಾದರೆ ಬಾಗುತ್ತದೆ.

ಹೊಗೆ ನಿಲ್ಲಿಸುತ್ತೇವೆಂದು ಮಾರುವ ಮಂದ ಆಯಿಲ್ ಡಬ್ಬಿಗಳನ್ನು ಸುರಿಯಲೇಬೇಡಿ. ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ರೇಡಿಯೇಟರ್ ಸೋರಿಕೆಗೆ ಅರಿಶಿನ ಹಾಕುವುದೂ ಬೇಡ. ಅದು ಒಳಗಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡು ಎಂಜಿನ್ ಕಾಯಿಸುತ್ತದೆ.

ಹೆಜ್ಜೆ 2: ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಗೇಜ್ ಹಚ್ಚಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಎಂಜಿನ್ ತಣ್ಣಗಿದ್ದಾಗ ಮೊದಲು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ಸರಿಮಾಡಿಸಿ. ಬಿಗಿಯಾದ ಟ್ಯಾಪೆಟ್ ಇದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒಳ್ಳೆಯ ಎಂಜಿನ್ನೂ ಕೆಟ್ಟದಾಗಿ ಕಾಣುತ್ತದೆ. ಆಮೇಲೆ ಕಾರನ್ನು ಹತ್ತು ಹದಿನೈದು ನಿಮಿಷ ಓಡಿಸಿ ಕಾಯಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆಯಿರಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಒಬ್ಬರು ಒಳಗೆ ಕೂತು ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿಯಬೇಕು. ಇದನ್ನು ಮರೆತರೆ ಸಾಕಷ್ಟು ಗಾಳಿ ಒಳಗೆ ಹೋಗುವುದಿಲ್ಲ, ನಾಲ್ಕೂ ಸಿಲಿಂಡರ್ ಸತ್ತಂತೆ ತೋರಿಸುತ್ತವೆ. ಅದನ್ನು ನಂಬಿಯೇ ಎಷ್ಟೋ ಎಂಜಿನ್‌ಗಳು ಗುಜರಿ ಸೇರಿವೆ. ಪ್ರತಿ ಸಿಲಿಂಡರಿಗೂ ಐದಾರು ಸುತ್ತು ತಿರುಗಿಸಿ, ನಾಲ್ಕು ಅಂಕಿ ಬರೆದುಕೊಳ್ಳಿ.

ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಶೇ 15ಕ್ಕಿಂತ ಹೆಚ್ಚು ಅಂತರವಿದ್ದರೆ, ಕಡಿಮೆ ಬಂದ ಸಿಲಿಂಡರಿಗೆ ಒಂದು ದೊಡ್ಡ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿತೇ? ರಿಂಗ್ ಅಥವಾ ಬೋರ್ ಸವೆದಿದೆ. ಏರಲಿಲ್ಲವೇ? ಸೋರುತ್ತಿರುವುದು ವಾಲ್ವ್. ಪಕ್ಕಪಕ್ಕದ ಎರಡರಲ್ಲಿ ಕಡಿಮೆಯಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿರಬಹುದು.

ಹೆಜ್ಜೆ 3: ಹೆಡ್ ತೆಗೆಸಿ ಬೋರ್ ಅಳೆಸಿ. ನೀವೂ ನಿಂತು ನೋಡಿ. ಬೋರಿನ ಒಳಗಿನಿಂದ ಉಗುರನ್ನು ಮೇಲಂಚಿನ ಕಡೆಗೆ ಎಳೆಯಿರಿ. ಸವೆದಿದ್ದರೆ ಒಂದು ಮೆಟ್ಟಿಲಿಗೆ ಟಕ್ಕನೆ ತಡೆಯುತ್ತದೆ. ಫಿಯಟ್‌ನ 1089 ಸಿಸಿ ಎಂಜಿನ್‌ಗೆ ಮೂಲ ಬೋರ್ 68 ಮಿ.ಮೀ., ಅಂಬಾಸಿಡರ್‌ನ 1489 ಸಿಸಿಗೆ ಸುಮಾರು 73 ಮಿ.ಮೀ. ಮೇಲೆ, ನಡುವೆ, ಕೆಳಗೆ ಮೂರು ಕಡೆ, ಅದೂ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ ಡಯಲ್ ಗೇಜಿನಿಂದ ಅಳೆಸಬೇಕು, ಏಕೆಂದರೆ ಬೋರ್ ದುಂಡಗೆ ಸವೆಯುವುದಿಲ್ಲ. ಪಿಸ್ಟನ್ ತಲೆಯ ಮಸಿ ಒರೆಸಿ. ಹಿಂದೆ ಓವರ್‌ಸೈಜ್ (ಬೋರ್ ಅಗಲಿಸಿ ಕೂರಿಸುವ ದೊಡ್ಡ ಪಿಸ್ಟನ್) ಹಾಕಿದ್ದರೆ ಸಾಮಾನ್ಯವಾಗಿ ಅಲ್ಲಿ ಅಂಕಿ ಇರುತ್ತದೆ.

ಕೊನೆಯ ಓವರ್‌ಸೈಜ್ ಮುಗಿದಿದ್ದರೂ ಹೆದರಬೇಡಿ, ಬೋರಿನೊಳಗೆ ಸ್ಲೀವ್ ಎಂಬ ಹೊಸ ಕೊಳವೆ ಹಾಕಿಸಿ ಮೂಲ ಅಳತೆಗೆ ತರಬಹುದು. ಸವೆದ ಬೋರಿಗೆ ಹೊಸ ರಿಂಗ್ ಮಾತ್ರ ಹಾಕಿ ಕಳಿಸುವುದು ದುಡ್ಡು ದಂಡ.

ಒಂದು ಮಾತು ನೆನಪಿರಲಿ: ಪಿಸ್ಟನ್ ಕೈಗೆ ಬರುವವರೆಗೆ ಬೋರಿಂಗ್ ಮಾಡಿಸಬೇಡಿ. ಮೊದಲು ಬೋರಿಂಗ್ ಮಾಡಿಸಿ, ಆ ಸೈಜಿನ ಪಿಸ್ಟನ್‌ಗಾಗಿ ತಿಂಗಳುಗಟ್ಟಲೆ ಅಲೆದವರಿದ್ದಾರೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಪದ್ಮಿನಿ ಅದಕ್ಕೂ ಮುಂಚೆ. ಪಿಸ್ಟನ್ ಅಳೆದು, ಅದಕ್ಕೆ ತಕ್ಕಂತೆ ಬೋರ್ ಕೊರೆಯಬೇಕು. ನಾಲ್ಕೂ ಪಿಸ್ಟನ್‌ಗಳನ್ನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ತೂಕ ಒಂದೊಂದು ತರ ಇದ್ದರೆ ವಾಪಸ್ ಕೊಡಿ.

1489 ಸಿಸಿ ಅಂಬಾಸಿಡರ್ ಹೆಡ್ ಬಿಚ್ಚಿದಾಗಲೇ ಎಗ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ಹಾಕಿಸಿಬಿಡಿ. ಆ ಕಬ್ಬಿಣದ ಹೆಡ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು, ಆ ಸೀಸವೇ ಸೀಟ್ ಸವೆಯದಂತೆ ಕಾಯುತ್ತಿತ್ತು. 2000ದಿಂದ ದೇಶದಲ್ಲಿ ಅಂಥ ಪೆಟ್ರೋಲ್ ಸಿಗುವುದಿಲ್ಲ.

ಹೆಜ್ಜೆ 4: ತೀರ್ಮಾನ. ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ದೇಹ) ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ, ಅಥವಾ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಇನ್ನು ಗ್ರೈಂಡ್ ಮಾಡಲಾಗದಷ್ಟು ಸವೆದು ಬೇರೆ ಕ್ರ್ಯಾಂಕೂ ಸಿಗದಿದ್ದರೆ ಮಾತ್ರ ಎಂಜಿನ್ ಬದಲಿಸಿ. ಉಳಿದದ್ದಕ್ಕೆಲ್ಲ ಕಟ್ಟಿಸುವುದೇ ಸರಿ.

ಬದಲಿಸುವುದಾದರೆ ಅದೇ ಮಾದರಿಯದನ್ನೇ ಹುಡುಕಿ. ಬಿಲ್ ಇಲ್ಲದ ಎಂಜಿನ್ ಮುಟ್ಟಬೇಡಿ. ಕೂರಿಸುವ ಮುನ್ನ ಆರ್‌ಟಿಒ ಅನುಮತಿ ಪಡೆದು, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೇ ವಿಷಯದ್ದು. ಕಾರಿಗೆ 50 ವರ್ಷ ದಾಟಿದ್ದರೆ ಇನ್ನೂ ಎಚ್ಚರ ಬೇಕು. 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು ಮೂಲ ರೂಪದಲ್ಲಿ ಉಳಿದ ಗಾಡಿಗೆ.

ಇಳಿಸಿದ ಹಳೆ ಬ್ಲಾಕನ್ನು ಗ್ಯಾರೇಜಿನಲ್ಲಿ ಬಿಡದೆ ಅವತ್ತೇ ಮನೆಗೆ ತನ್ನಿ. ಬೋರಿಗೆ ಗ್ರೀಸ್ ಸವರಿ, ಪ್ಲಾಸ್ಟಿಕ್ ಸುತ್ತಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.